ಕೊಟ್ಟಿಗೆ ನೀರಿಗೆ ಜೊಂಡಿನ ಹಾದಿ

ಕೊಟ್ಟಿಗೆ ತೊಳೆದ ನೀರು ತೆಂಗಿನ ಬುಡಕ್ಕೆ ಹೋದರೆ ಗರಿ ಕಡುಹಸಿರಾಗಿ ಏಳುತ್ತದೆ. ಅದೇ ನೀರು ದಿನವೂ ಕೆರೆಗೆ ಇಳಿದರೆ ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ. ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೊಸ ಸಂಗತಿಯಲ್ಲ. ಅವರು ಇನ್ನೊಂದನ್ನೂ ನೋಡಿರುತ್ತಾರೆ. ಊರಿನ ಕೊಳೆನೀರು ಕೆರೆ ಸೇರುವಲ್ಲಿ ಆಳೆತ್ತರದ ಜೊಂಡು ದಟ್ಟವಾಗಿ ಬೆಳೆದಿದ್ದರೆ, ಈಚೆಯಿಂದ ಕಪ್ಪಗೆ ನಾರುತ್ತ ಒಳಹೊಕ್ಕ ನೀರು ಆಚೆಯಿಂದ ಎಷ್ಟೋ ತಿಳಿಯಾಗಿ ಹೊರಬರುತ್ತದೆ. ಆ ಜೊಂಡಿನೊಳಗೆ ನಡೆದದ್ದೇನು?

ಕೊಳೆಯನ್ನೆಲ್ಲ ಹೀರಿಕೊಂಡು ಜೊಂಡು ಬೆಳೆಯಿತು ಎಂದು ಹೆಚ್ಚಿನವರು ಉತ್ತರಿಸುತ್ತಾರೆ. ಸ್ವಲ್ಪ ಮಟ್ಟಿಗೆ ನಿಜವೇ. ಆದರೆ ದಟ್ಟ ಕೊಳೆ ಬರುವ ಕಡೆ ಬೆಳೆದ ಜೊಂಡನ್ನೆಲ್ಲ ಕೊಯ್ದು ತೂಗಿ ಲೆಕ್ಕ ಹಾಕಿದರೆ, ನೀರಿನಿಂದ ಮಾಯವಾದ ಸಾರಜನಕದಲ್ಲಿ ಗಿಡದ ಮೈಯಲ್ಲಿ ಸಿಗುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಉಳಿದ ಪಾಲು ಎಲ್ಲಿಗೆ ಹೋಯಿತು ಎಂದು ತಿಳಿದರೆ, ದನದ ಹಟ್ಟಿಯ ನೀರಿಗೂ ಹಂದಿ ಸಾಕಣೆಯ ಕೊಚ್ಚೆಗೂ ಮನುಷ್ಯರು ಕೈಯಾರೆ ಜೌಗು ಕಟ್ಟಿಕೊಡುತ್ತಿರುವುದು ಏಕೆ ಎಂಬುದೂ ತಿಳಿಯುತ್ತದೆ.

ನೀರಿನೊಳಗೆ ಉಸಿರು ಎಷ್ಟಿದೆ

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ನಮ್ಮ ಕೆರೆಗಳ ಬೆಚ್ಚಗಿನ ನೀರಿನ ಒಂದು ಲೀಟರಿನಲ್ಲಿ ಕರಗಿರುವುದು ಹೆಚ್ಚೆಂದರೆ 8 ಮಿಲಿಗ್ರಾಂ. ಮೀನು, ಸಿಗಡಿ, ಗೊದಮೊಟ್ಟೆ ಎಲ್ಲವೂ ಬದುಕಬೇಕಾದ್ದು ಇಷ್ಟರಲ್ಲೇ.

ಸಗಣಿ ನೀರಿಗೆ ಬಿದ್ದಾಗ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಇದೇ ಆಮ್ಲಜನಕವನ್ನು ಉಸಿರಾಡುತ್ತವೆ. ಒಂದು ಲೀಟರ್ ಕೊಳೆಯನ್ನು ತಿಂದು ಮುಗಿಸಲು ಅವುಗಳಿಗೆ ಎಷ್ಟು ಆಮ್ಲಜನಕ ಬೇಕೆಂಬ ಲೆಕ್ಕವನ್ನು ಪ್ರಯೋಗಾಲಯದವರು ಬಿಒಡಿ ಎನ್ನುತ್ತಾರೆ. ನಾವು ಅದನ್ನು ಕೊಳೆಯ ಹಸಿವು ಎನ್ನೋಣ. ಊರಿನ ಚರಂಡಿ ನೀರಿನ ಹಸಿವು ಲೀಟರಿಗೆ 200ರಿಂದ 300 ಮಿಲಿಗ್ರಾಂ. ದನದ ಸಗಣಿ ಗಂಜಲ ಕಲೆತ ಗಟ್ಟಿ ಬಗ್ಗಡದ ಹಸಿವು 10,000ದಿಂದ 20,000. ಡೇರಿಯ ತೊಟ್ಟಿಯಿಂದ ಚೆಲ್ಲಿಹೋದ ಹಾಲಿನದು ಒಂದು ಲಕ್ಷಕ್ಕೂ ಮಿಕ್ಕಿ. ಅಂದರೆ ಒಂದೇ ಲೀಟರ್ ಬಗ್ಗಡ ಸಾವಿರಕ್ಕೂ ಹೆಚ್ಚು ಲೀಟರ್ ಕೆರೆನೀರಿನ ಉಸಿರನ್ನು ಕಸಿದುಕೊಳ್ಳಬಲ್ಲದು. ತೆಂಗಿನ ಬುಡದ ಮಣ್ಣಿನಲ್ಲಾದರೆ ಕಣಕಣದ ನಡುವೆ ಗಾಳಿ ಆಡುತ್ತಿರುತ್ತದೆ. ಅಲ್ಲಿ ಅದೇ ಊಟ ಯಾರ ಉಸಿರನ್ನೂ ಕಟ್ಟದೆ ನಡೆದುಹೋಗುತ್ತದೆ.

ಎರಡನೆಯ ಕಂಟಕ ಗಂಜಲದ್ದು. ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಅಡರುವ ಘಾಟು ಗಂಜಲದ ಯೂರಿಯಾ ಒಡೆದು ಹುಟ್ಟಿದ ಅಮೋನಿಯಾ. ನೀರಿನಲ್ಲಿ ಇದು ಲೀಟರಿಗೆ ಒಂದು ಮಿಲಿಗ್ರಾಂ ಮುಟ್ಟುವ ಮೊದಲೇ ಎಷ್ಟೋ ಬಗೆಯ ಮೀನುಗಳ ಕಿವಿರಿಗೆ ಕುತ್ತು ತರಬಲ್ಲದು. ಹಾಗೆಯೇ ಬಿಟ್ಟರೆ ಪಾಚಿಗೆ ಗೊಬ್ಬರವಾಗುತ್ತದೆ. ನೆಲಕ್ಕೆ ಇಂಗಿದರೆ ನೈಟ್ರೇಟ್ ಆಗಿ ಬಾವಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ದಾಟಬಾರದು ಎಂಬುದು ಭಾರತದ ಮಾನದಂಡ. ಕರ್ನಾಟಕದ ಹಲವು ಜಿಲ್ಲೆಗಳ ಕೊಳವೆಬಾವಿಗಳು ಈ ಗೆರೆಯನ್ನು ಆಗಲೇ ದಾಟಿವೆ. ಹೊಲದ ಗೊಬ್ಬರ, ಊರಿನ ಪಾಯಿಖಾನೆ ಗುಂಡಿ, ಹಟ್ಟಿ ಎಲ್ಲಕ್ಕೂ ಇದರಲ್ಲಿ ಪಾಲುಂಟು.

ಮಲೆನಾಡಿನ ಹಳೆಯ ಕೊಟ್ಟಿಗೆಗಳಲ್ಲಿ ಈ ತೊಂದರೆ ಇರಲಿಲ್ಲ. ಸೊಪ್ಪಿನ ಬೆಟ್ಟದಿಂದ ತಂದ ಹಸಿಸೊಪ್ಪನ್ನೋ ದರಕನ್ನೋ ದನದ ಕಾಲಡಿಗೆ ಹಾಸುತ್ತಿದ್ದರು. ಗಂಜಲವೆಲ್ಲ ಅದರಲ್ಲೇ ಇಂಗಿ, ತುಳಿದು ಹದವಾಗಿ, ಗೊಬ್ಬರದ ಗುಂಡಿ ಸೇರುತ್ತಿತ್ತು. ಹೊರಗೆ ಹರಿಯಲು ನೀರೇ ಇರಲಿಲ್ಲ. ಸಿಮೆಂಟಿನ ನೆಲ ಬಂದು, ಅದನ್ನು ತೊಳೆಯಲು ಪೈಪಿನ ನೀರು ಬಂದಾಗ ಗೊಬ್ಬರ ಕೊಚ್ಚೆಯಾಯಿತು. ಎರಡು ಮೂರು ದನ ಇರುವ ಮನೆಗೆ ಇಂದಿಗೂ ಸೊಪ್ಪು ಮತ್ತು ಗುಂಡಿಗಿಂತ ಒಳ್ಳೆಯ ಉಪಾಯವಿಲ್ಲ ಎಂದು ನಾನು ನಂಬುತ್ತೇನೆ. ಗೋಬರ್ ಗ್ಯಾಸ್ ಇದ್ದರೆ ಉರುವಲೂ ಸಿಗುತ್ತದೆ. ಆದರೆ ಅದು ಸಗಣಿಯ ಇಂಗಾಲವನ್ನಷ್ಟೇ ಅನಿಲ ಮಾಡಿ ಒಲೆಗೆ ಕೊಡುತ್ತದೆ, ಸಾರಜನಕ ಹೆಚ್ಚುಕಡಿಮೆ ಹಾಗೆಯೇ ಸ್ಲರಿಯಲ್ಲಿ ಉಳಿದಿರುತ್ತದೆ. ಜೌಗಿನ ಮಾತು ಬರುವುದು ನೂರಾರು ದನಗಳ ಡೇರಿ, ಗೋಶಾಲೆ, ಪೇಟೆಯೊಳಗಿನ ಹಟ್ಟಿಗಳಂಥ ಕಡೆ. ನೀರನ್ನು ತಪ್ಪಿಸಲಾಗದ, ಅಷ್ಟು ನೀರನ್ನು ಹೀರಲು ಹೊಲವೂ ಇಲ್ಲದ ಕಡೆ.

ಆ್ಯನ್ ಕಣಿವೆಯ ಅಂಗಳಗಳು

ಐರ್ಲೆಂಡಿನ ತೆಂಕಣ ತೀರದ ವಾಟರ್‌ಫರ್ಡ್ ಕೌಂಟಿಯಲ್ಲಿ, ಡನ್‌ಹಿಲ್ ಎಂಬ ಹಳ್ಳಿಯ ಪಕ್ಕ ಆ್ಯನ್ ಎಂಬ ಪುಟ್ಟ ಹೊಳೆ ಹರಿದು ಕಡಲು ಸೇರುತ್ತದೆ. ಸುತ್ತ ಹಸು ಸಾಕುವ ರೈತರು. ಚಳಿಗಾಲದಲ್ಲಿ ಹಸುಗಳನ್ನು ಕೊಟ್ಟಿಗೆಯಲ್ಲೇ ಕಟ್ಟುವುದು ಅಲ್ಲಿನ ರೂಢಿ. ಅದೇ ತಿಂಗಳುಗಳಲ್ಲಿ ಮಳೆಯೂ ಬಿಡದೆ ಸುರಿಯುತ್ತದೆ. ಕಾಂಕ್ರೀಟಿನ ಅಂಗಳದ ಮೇಲೆ ಬಿದ್ದ ಮಳೆ ಸಗಣಿ, ಚೆಲ್ಲಿದ ಹಾಲು, ಹಾಲು ಕರೆಯುವ ಕೊಠಡಿಯ ತೊಳೆನೀರು ಎಲ್ಲವನ್ನೂ ಹೊತ್ತು ಹೊಳೆಗಿಳಿಯುತ್ತಿತ್ತು. ಹೊಲಕ್ಕೆ ಹಾಯಿಸೋಣವೆಂದರೆ ಹೊಲ ಆಗಲೇ ನೀರು ಕುಡಿದು ತುಂಬಿರುತ್ತಿತ್ತು.

ರೋರಿ ಹ್ಯಾರಿಂಗ್‌ಟನ್ ಎಂಬ ವಿಜ್ಞಾನಿ ಅಲ್ಲಿನ ರೈತರನ್ನು ಜೊತೆಗೂಡಿಸಿಕೊಂಡು ಹೊಲದ ತಗ್ಗಿನಲ್ಲಿ ಒಂದರ ಕೆಳಗೊಂದರಂತೆ ಆಳವಿಲ್ಲದ ಮಡುಗಳನ್ನು ಕಟ್ಟಿಸಿದರು. ನೀರಿನ ಆಳ ಒಂದು ಗೇಣಿನ ಆಸುಪಾಸು. ತಳಕ್ಕೆ ಅಲ್ಲಿಯದೇ ಜೇಡಿಮಣ್ಣನ್ನು ಒತ್ತಿ ಕೂರಿಸಿದರು. ನೀರು ಇಳಿಜಾರಿನಲ್ಲಿ ತಾನಾಗಿ ಒಂದು ಮಡುವಿನಿಂದ ಇನ್ನೊಂದಕ್ಕೆ ಇಳಿಯುತ್ತದೆ. ಜೊಂಡಿನ ಜೊತೆಗೆ ಹಲವು ಬಗೆಯ ನೀರುಗಿಡಗಳು ಅಲ್ಲಿ ಬೆಳೆಯುತ್ತವೆ. ಒಟ್ಟು ಜೌಗಿನ ಹರವು ಅಂಗಳಕ್ಕಿಂತ ದೊಡ್ಡದಿರಬೇಕು ಎಂಬುದು ಅವರು ಅನುಭವದಿಂದ ಕಂಡುಕೊಂಡ ಅಳತೆ. ಕಣಿವೆಯ ಹತ್ತಕ್ಕೂ ಹೆಚ್ಚು ರೈತರು ಇಂಥ ಜೌಗು ಕಟ್ಟಿಕೊಂಡ ಮೇಲೆ ಹೊಳೆಯ ನೀರು ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. 2010ರಲ್ಲಿ ಐರ್ಲೆಂಡಿನ ಪರಿಸರ ಇಲಾಖೆಯೇ ಇಂಥ ಜೌಗುಗಳನ್ನು ಕಟ್ಟುವ ಬಗೆಗೆ ಕೈಪಿಡಿ ಹೊರತಂದಿತು. ಇಲ್ಲಿ ನನಗೆ ಮೆಚ್ಚುಗೆಯಾಗುವುದು ಸರಳತೆ. ಪಂಪು ಬೇಕಿಲ್ಲ, ಕರೆಂಟಿಲ್ಲದ ದಿನವೂ ಕೆಲಸ ನಿಲ್ಲುವುದಿಲ್ಲ.

ಕ್ಲೋರೋಫಾರಂ ಹೇಳಿದ ಸತ್ಯ

ಈ ಮಡುಗಳ ಗುಟ್ಟಿನ ಮೊದಲ ಎಳೆ ಸಿಕ್ಕಿದ್ದು 1877ರಲ್ಲಿ, ಫ್ರಾನ್ಸಿನಲ್ಲಿ. ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಉದ್ದನೆಯ ಕೊಳವೆಯಲ್ಲಿ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಮೇಲಿನಿಂದ ಚರಂಡಿ ನೀರನ್ನು ಹನಿಹನಿಯಾಗಿ ಬಿಟ್ಟರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗಿನಿಂದ ಬರುವ ನೀರಿನಲ್ಲಿ ಅಮೋನಿಯಾ ಇಳಿದು ನೈಟ್ರೇಟ್ ಕಾಣಿಸಿಕೊಂಡಿತು. ಇದು ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ನಡೆಯಬೇಕಿತ್ತು. ಅವರು ಕೊಳವೆಯೊಳಗೆ ಕ್ಲೋರೋಫಾರಂ ಆವಿ ಹಾಯಿಸಿದರು. ಕೆಲಸ ನಿಂತಿತು. ಆವಿಯೆಲ್ಲ ಹೋದ ಮೇಲೂ ಅದು ಮರಳಿ ಶುರುವಾಗಲಿಲ್ಲ. ಹೊಸ ಮಣ್ಣನ್ನು ಚಿಟಿಕೆಯಷ್ಟು ನೀರಿನಲ್ಲಿ ಕಲಕಿ ಸುರಿದಾಗ ಕೆಲವು ದಿನಗಳಲ್ಲಿ ನೈಟ್ರೇಟ್ ಮತ್ತೆ ಇಳಿದುಬಂತು.

ಮತ್ತು ಬರಿಸುವ ಔಷಧ ತಡೆಯಬಲ್ಲದ್ದು ಜೀವವುಳ್ಳ ಕೆಲಸವನ್ನು ಮಾತ್ರ. ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ್ದು 1890ರಲ್ಲಿ ಸೆರ್ಗೈ ವಿನೋಗ್ರಾಡ್‌ಸ್ಕಿ. ಅವು ಸಗಣಿಯನ್ನೂ ತಿನ್ನುವುದಿಲ್ಲ, ಸಕ್ಕರೆಯನ್ನೂ ತಿನ್ನುವುದಿಲ್ಲ. ಅಮೋನಿಯಾವನ್ನು ಆಮ್ಲಜನಕದ ಜೊತೆ ಸೇರಿಸಿ, ಅದರಿಂದ ಹುಟ್ಟುವ ಅಲ್ಪ ಶಕ್ತಿಯಲ್ಲೇ ಬದುಕು ಸಾಗಿಸುತ್ತವೆ. ನೈಟ್ರೇಟನ್ನು ಒಡೆದು ಸಾರಜನಕ ಅನಿಲ ಮಾಡುವ ಬೇರೊಂದು ಬಳಗವೂ ಇದೆ ಎಂಬುದು 1880ರ ದಶಕದಲ್ಲೇ ಗೊತ್ತಾಗಿತ್ತು.

ಕುಟ್ಟುವವರು, ಕೇರುವವರು

ಈ ಎರಡು ಬಳಗಗಳ ಸಂಬಂಧವನ್ನು ಭತ್ತ ಕುಟ್ಟುವ ಮನೆಯಿಂದ ಅರ್ಥ ಮಾಡಿಕೊಳ್ಳಬಹುದು. ಒಬ್ಬಾಕೆ ಅಂಗಳದಲ್ಲಿ ಒನಕೆ ಎತ್ತಿ ಕುಟ್ಟುತ್ತಾಳೆ. ಅವಳಿಗೆ ಕೈಯೆತ್ತಲು ಬಯಲು ಬೇಕು. ಇನ್ನೊಬ್ಬಾಕೆ ಜಗಲಿಯ ಗಾಳಿಯಿಲ್ಲದ ಮೂಲೆಯಲ್ಲಿ ಮೊರ ಹಿಡಿದು ಕೇರುತ್ತಾಳೆ. ಗಾಳಿ ಬೀಸಿದರೆ ಅವಳ ಕೆಲಸ ಕೆಡುತ್ತದೆ. ಕುಟ್ಟದೆ ಕೇರಿದರೆ ಭತ್ತ ಭತ್ತವಾಗಿಯೇ ಉಳಿಯುತ್ತದೆ. ಕುಟ್ಟಿ ಕೇರದಿದ್ದರೆ ಹೊಟ್ಟು ಅಕ್ಕಿಯಲ್ಲೇ ಇರುತ್ತದೆ. ಇಬ್ಬರಿಗೂ ಬೇಕಾದ ಜಾಗ ಬೇರೆ ಬೇರೆ. ಆದರೆ ಕೂಗಳತೆಯಲ್ಲಿ ಕೂತರೇ ಕೆಲಸ ಸಾಗುವುದು.

ಅಮೋನಿಯಾವನ್ನು ನೈಟ್ರೇಟ್ ಮಾಡುವುದು ಕುಟ್ಟುವ ಬಳಗ. ಅದಕ್ಕೆ ಆಮ್ಲಜನಕ ಧಾರಾಳವಾಗಿ ಬೇಕು. ಅಮೋನಿಯಾದಲ್ಲಿರುವ ಒಂದು ಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ಕೇರುವ ಬಳಗದ ರೀತಿಯೇ ಬೇರೆ. ಅವುಗಳಿಗೆ ಗಾಳಿಯ ಆಮ್ಲಜನಕ ಸಿಕ್ಕಿದರೆ ಅದನ್ನೇ ಉಸಿರಾಡುತ್ತವೆ, ನೈಟ್ರೇಟಿನ ಗೊಡವೆಗೆ ಹೋಗುವುದಿಲ್ಲ. ಗಾಳಿ ಸಿಗದ ಕಪ್ಪು ಕೆಸರಿನಲ್ಲಿ ಮಾತ್ರ ನೈಟ್ರೇಟಿಗೆ ಅಂಟಿಕೊಂಡಿರುವ ಆಮ್ಲಜನಕವನ್ನು ಕಿತ್ತು ಉಸಿರಾಡುತ್ತವೆ. ಕಿತ್ತ ಮೇಲೆ ಉಳಿಯುವ ಸಾರಜನಕ ಗುಳ್ಳೆಯಾಗಿ ಮೇಲೆದ್ದು, ನೂರಕ್ಕೆ 78 ಪಾಲು ಸಾರಜನಕವೇ ಇರುವ ಗಾಳಿಯಲ್ಲಿ ಸೇರಿಹೋಗುತ್ತದೆ. ಈ ಬಳಗಕ್ಕೆ ತಿನ್ನಲು ಇಂಗಾಲವೂ ಬೇಕು. ಸಗಣಿಯ ಉಳಿಕೆ ಮತ್ತು ಬಿದ್ದು ಕೊಳೆಯುವ ಜೊಂಡಿನ ಎಲೆಗಳು ಅದನ್ನು ಒದಗಿಸುತ್ತವೆ.

ಜೊಂಡಿನ ಮೈಯಲ್ಲಿ ಲೆಕ್ಕಕ್ಕೆ ಸಿಗದ ಸಾರಜನಕದಲ್ಲಿ ಬಹುಭಾಗ ಹೋದದ್ದು ಹೀಗೆ. ಸ್ವಲ್ಪ ಅಮೋನಿಯಾ ನೇರವಾಗಿ ಆವಿಯಾಗಿರುತ್ತದೆ, ಸ್ವಲ್ಪ ಕೆಸರಿನಲ್ಲಿ ಹೂತಿರುತ್ತದೆ. ಪಣಂಬೂರಿನಂಥ ಗೊಬ್ಬರ ಕಾರ್ಖಾನೆಯಲ್ಲಿ ಗಾಳಿಯಿಂದ ಹಿಡಿದು ತಂದು ಯೂರಿಯಾ ಮಾಡಿದ ಸಾರಜನಕ ಹುಲ್ಲಾಗಿ, ಹುಲ್ಲಿನಿಂದ ಹಸುವಿಗೆ ಬಂದು, ಗಂಜಲವಾಗಿ ಹರಿದು, ಜೌಗಿನಲ್ಲಿ ಮರಳಿ ಗಾಳಿ ಸೇರುತ್ತದೆ.

ಬೇರಿನ ಸುತ್ತ ತುಕ್ಕು

ಹಾಗಾದರೆ ಜೊಂಡಿಗೆ ಏನು ಕೆಲಸ? ಬಯಲನ್ನೂ ಮೂಲೆಯನ್ನೂ ಒಂದು ಕೂದಲೆಳೆಯ ಅಂತರದಲ್ಲಿ ತಂದಿಡುವುದೇ ಅದರ ಕೆಲಸ.

ಕೆಸರಿನಲ್ಲಿ ಗಾಳಿಯಿಲ್ಲ, ಆದರೆ ಬೇರು ಉಸಿರಾಡಬೇಕು. ಅದಕ್ಕಾಗಿ ನೀರುಗಿಡಗಳ ಕಾಂಡದೊಳಗೆ ಎಲೆಯಿಂದ ಬೇರಿನ ತುದಿಯವರೆಗೆ ಗಾಳಿ ಓಡಾಡುವ ಟೊಳ್ಳು ದಾರಿಗಳಿವೆ. ಜೊಂಡಿನ ಎಲೆಯನ್ನು ಅಡ್ಡಲಾಗಿ ಕತ್ತರಿಸಿದರೆ ಬರಿಗಣ್ಣಿಗೇ ಕಾಣುತ್ತವೆ. ಈ ಗಾಳಿ ಎಷ್ಟು ಜೋರಾಗಿ ಹರಿಯಬಲ್ಲದು ಎಂಬುದನ್ನು 1980ರಲ್ಲಿ ಅಮೆರಿಕದ ಜಾನ್ ಡೇಸಿ ಹಳದಿ ನೈದಿಲೆಯಲ್ಲಿ ಅಳೆದರು. ಬಿಸಿಲಿಗೆ ಕಾದ ಎಳೆಯ ಎಲೆಗಳಲ್ಲಿ ಒತ್ತಡ ಹುಟ್ಟಿ, ಗಾಳಿ ಗೆಡ್ಡೆಯವರೆಗೆ ಇಳಿದು ಹಳೆಯ ಎಲೆಗಳ ಮೂಲಕ ಹೊರಬೀಳುತ್ತದೆ. ಒಂದೇ ಎಲೆಯಿಂದ ದಿನಕ್ಕೆ 22 ಲೀಟರಿನವರೆಗೆ!

ಹಾಗೆ ಇಳಿದ ಆಮ್ಲಜನಕದಲ್ಲಿ ಚೂರುಪಾರು ಬೇರಿನಿಂದ ಹೊರಕ್ಕೆ ಒಸರುತ್ತದೆ. ಗದ್ದೆಯಿಂದ ಭತ್ತದ ಬುಡವನ್ನು ಕಿತ್ತು ತೊಳೆದವರು ಇದರ ಗುರುತನ್ನು ಕಂಡಿರುತ್ತಾರೆ. ಸುತ್ತಲಿನ ಕೆಸರು ಕಪ್ಪಗಿದ್ದರೂ ಬೇರಿನ ಮೈಗೆ ಕೆಂಗಂದು ಲೇಪ ಇರುತ್ತದೆ. ಕೆಸರಿನಲ್ಲಿ ಕರಗಿದ್ದ ಕಬ್ಬಿಣ, ಬೇರಿನಿಂದ ಒಸರಿದ ಆಮ್ಲಜನಕಕ್ಕೆ ತುಕ್ಕು ಹಿಡಿದು ಕೂತದ್ದು. ಆ ತುಕ್ಕಿನ ಪದರದಷ್ಟು ಜಾಗದಲ್ಲಿ ಕುಟ್ಟುವ ಬಳಗ ನೆಲೆಸುತ್ತದೆ. ಅಲ್ಲಿಂದ ಒಂದೆರಡು ಮಿಲಿಮೀಟರ್ ಆಚೆಗೆ ಕೇರುವ ಬಳಗ. ನೀರಿನ ಮೇಲ್ಮೈ, ಜೊಂಡಿನ ಮುಳುಗಿದ ಕಾಂಡದ ಲೋಳೆ, ಕೆಸರಿನ ಮೇಲಿನ ತೆಳು ಪದರ, ಇವೆಲ್ಲ ಕಡೆಯೂ ಇಂಥ ಜೋಡಿ ಮನೆಗಳಿವೆ.

ಭತ್ತದ ಗದ್ದೆಯ ಮಾತು ಸುಮ್ಮನೆ ತಂದದ್ದಲ್ಲ. ನೀರು ನಿಂತ ಗದ್ದೆಗೆ ಎರಚಿದ ಯೂರಿಯಾದಲ್ಲಿ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದುದರಲ್ಲಿ ಒಂದಷ್ಟು ಆವಿಯಾದರೆ, ಒಂದಷ್ಟು ಇದೇ ಕುಟ್ಟುವ ಕೇರುವ ದಾರಿಯಲ್ಲಿ ಗಾಳಿಗೆ ಹೋಗುತ್ತದೆ. ಜಪಾನಿನ ಮಣ್ಣು ವಿಜ್ಞಾನಿ ಶಿಯೊಇರಿ ಕಳೆದ ಶತಮಾನದ ಮೊದಲರ್ಧದಲ್ಲೇ ಇದನ್ನು ಗುರುತಿಸಿ, ಗೊಬ್ಬರವನ್ನು ಮೇಲೆ ಎರಚದೆ ಕೆಸರಿನ ಆಳಕ್ಕೆ ಸೇರಿಸಿ ಎಂದರು. ಗಾಳಿಯಾಡದ ಆಳದಲ್ಲಿ ಕುಟ್ಟುವವರೇ ಇರುವುದಿಲ್ಲವಾದ್ದರಿಂದ ಗೊಬ್ಬರ ಉಳಿಯುತ್ತದೆ. ರೈತನಿಗೆ ಗದ್ದೆಯಲ್ಲಿ ಆಗುವ ಈ ನಷ್ಟವನ್ನೇ ಹಟ್ಟಿಯ ಕೆಳಗೆ ಬೇಕೆಂದೇ ಮಾಡಿಸುವುದು ಕಟ್ಟಿದ ಜೌಗು.

ಹಂದಿ ಕೊಚ್ಚೆಯಲ್ಲಿ ಸಿಕ್ಕ ತೊಡಕು

1995ರ ಜೂನ್‌ನಲ್ಲಿ ಅಮೆರಿಕದ ನಾರ್ತ್ ಕ್ಯಾರೋಲಿನಾದ ಆನ್‌ಸ್ಲೋ ಕೌಂಟಿಯಲ್ಲಿ ಹಂದಿ ಸಾಕಣೆಯ ಕೊಚ್ಚೆ ಹೊಂಡವೊಂದರ ಏರಿ ಒಡೆದು ಸುಮಾರು ಒಂಬತ್ತೂವರೆ ಕೋಟಿ ಲೀಟರ್ ಬಗ್ಗಡ ಹೊರನುಗ್ಗಿ ನ್ಯೂ ರಿವರ್ ಎಂಬ ಹೊಳೆ ಸೇರಿತು. ಮೀನುಗಳ ಮಾರಣಹೋಮವೇ ನಡೆಯಿತು. ಕೊಚ್ಚೆಯನ್ನು ಹೊಂಡದಲ್ಲಿ ಕೂಡಿಡುವುದರ ಅಪಾಯ ಎಲ್ಲರಿಗೂ ಮನದಟ್ಟಾಯಿತು. ಅದೇ ರಾಜ್ಯದ ಡಪ್ಲಿನ್ ಕೌಂಟಿಯಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಅದಕ್ಕೂ ಮೊದಲೇ ಹಂದಿ ಕೊಚ್ಚೆಯನ್ನು ಜೌಗಿನಲ್ಲಿ ಹಾಯಿಸಿ ನೋಡತೊಡಗಿದ್ದರು.

ಹದವಾಗಿ ಕೊಚ್ಚೆ ಬಿಟ್ಟಾಗ ಜೌಗು ಚೆನ್ನಾಗಿಯೇ ಕೆಲಸ ಮಾಡಿತು. ಹೆಚ್ಚು ಬಿಟ್ಟಾಗ ಹಿಂದೆ ಬಿತ್ತು. ಕೆಸರನ್ನು ತೆಗೆದು ಪರೀಕ್ಷಿಸಿದರೆ ಕೇರುವ ಬಳಗ ಕೆಲಸಕ್ಕೆ ಸಿದ್ಧವಾಗಿ ಕೂತಿತ್ತು, ನೈಟ್ರೇಟ್ ಮಾತ್ರ ಸಾಲುತ್ತಿರಲಿಲ್ಲ. ಅಂದರೆ ಕುಟ್ಟುವ ಕಡೆಯೇ ಕೆಲಸ ಹಿಂದುಳಿದಿತ್ತು. ಬೇರಿನಿಂದ ಒಸರುವ ಆಮ್ಲಜನಕ ಅಷ್ಟೊಂದು ಅಮೋನಿಯಾಕ್ಕೆ ಎಲ್ಲಿ ಸಾಲಬೇಕು? ಕೊಚ್ಚೆಗೆ ಮೊದಲೇ ಗಾಳಿಯೂದಿ ಅಮೋನಿಯಾವನ್ನು ನೈಟ್ರೇಟ್ ಮಾಡಿ ಆಮೇಲೆ ಜೌಗಿಗೆ ಬಿಟ್ಟಾಗ ಸಾರಜನಕ ಎಷ್ಟೋ ಪಟ್ಟು ವೇಗವಾಗಿ ಹೊರಟುಹೋಯಿತು.

ಇದಕ್ಕೆ ಪಂಪಿನಿಂದ ಗಾಳಿ ಊದುವುದಕ್ಕಿಂತ ಸೊಗಸಾದ ದಾರಿಯೂ ಇದೆ. ಜರ್ಮನಿಯ ಪ್ಲೋನ್ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕೇಟ ಜೈಡಲ್ ಎಂಬ ವಿಜ್ಞಾನಿ 1950ರ ದಶಕದಿಂದಲೇ ಜೊಂಡಿನಿಂದ ಕೊಳೆನೀರು ಶುದ್ಧ ಮಾಡುವ ಪ್ರಯೋಗ ನಡೆಸಿದ್ದರು. ಕೊಳೆನೀರಿನಲ್ಲಿ ಗಿಡ ಬೆಳೆಸುವುದೇ ವಿಚಿತ್ರವೆಂದು ಕಾಣುತ್ತಿದ್ದ ಕಾಲದಲ್ಲಿ ಅವರು ಹಿಡಿದ ಹಾದಿ ಬಿಡಲಿಲ್ಲ. ಕಟ್ಟಿದ ಜೌಗುಗಳ ವಿಜ್ಞಾನ ಇವತ್ತು ಎಲ್ಲೇ ಇದ್ದರೂ ಅವರ ಋಣದಲ್ಲಿದೆ. ಅವರ ವಿನ್ಯಾಸದಲ್ಲಿ ಮೊದಲು ಮರಳು ಜಲ್ಲಿಯ ಹಾಸು. ನೀರನ್ನು ಅದರ ಮೇಲೆ ಒಂದೊಂದು ಸಲಕ್ಕೆ ಇಷ್ಟಿಷ್ಟೇ ಎಂದು ಸುರಿಯಬೇಕು. ನೀರು ಕೆಳಗೆ ಬಸಿದುಹೋದಂತೆ ಅದರ ಹಿಂದೆಯೇ ಹಾಸು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಕುಟ್ಟುವವರಿಗೆ ಅದೇ ಬಯಲು. ಅಲ್ಲಿಂದ ನೀರು ಸದಾ ತೊಯ್ದಿರುವ, ಅಡ್ಡಲಾಗಿ ನಿಧಾನವಾಗಿ ಹರಿಯುವ ಹಾಸಿಗೆ ಹೋಗುತ್ತದೆ. ಕೇರುವವರ ಮೂಲೆ ಅಲ್ಲಿ. ದಟ್ಟ ಕೊಚ್ಚೆಗೆ ಇಂಥ ಜೋಡಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಮಳೆಗೆ ತೊಳೆದುಬರುವ ತೆಳು ಕೊಳೆಗೆ ಆ್ಯನ್ ಕಣಿವೆಯ ಮಡುಗಳು ಸಾಕು. ಎರಡಕ್ಕೂ ಮುಂಚೆ ಸಗಣಿಯ ಗಟ್ಟಿ ಭಾಗ ತಂಗುವ ಒಂದು ತೊಟ್ಟಿ ಬೇಕೇಬೇಕು. ಇಲ್ಲದಿದ್ದರೆ ಜಲ್ಲಿಯ ಸಂದುಗಳು ಬೇಗನೆ ಕಟ್ಟಿಕೊಳ್ಳುತ್ತವೆ.

ನಮ್ಮ ಹವೆ, ನಮ್ಮ ಮಳೆ

ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಹೊರಟ ನೀರು ಜೊಂಡಿನ ಜೌಗೊಂದನ್ನು ಹಾದು ಕೆರೆ ಸೇರುವಂತೆ ಮಾಡಿದ್ದಾರೆ. ಅಲ್ಲಿರುವುದು ಮನುಷ್ಯರ ಕೊಳೆನೀರು, ಹಟ್ಟಿಯದಲ್ಲ. ಆದರೂ ಕೆಲಸ ಇದೇ. ಇದೇ ನಗರದ ಬೆಳ್ಳಂದೂರು ಕೆರೆ 2015ರಲ್ಲೂ 2017ರಲ್ಲೂ ಹೊತ್ತಿ ಉರಿದದ್ದನ್ನು ನೆನೆದರೆ ಜಕ್ಕೂರಿನ ಬೆಲೆ ತಿಳಿಯುತ್ತದೆ.

ಹವೆ ನಮ್ಮ ಪರವಾಗಿದೆ. ಕುಟ್ಟುವ ಬಳಗ ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಮಂಕಾಗುತ್ತದೆ. ಐರ್ಲೆಂಡಿನವರಿಗೆ ಇದು ಪ್ರತಿ ಚಳಿಗಾಲದ ಕಷ್ಟ, ನಮಗೆ ಅದಿಲ್ಲ. ಆದರೆ ಮಳೆ ನಮಗೆ ತೊಡಕು. ಜೌಗಿನಲ್ಲಿ ನೀರು ಹಲವು ದಿನ ನಿಂತು ಸಾಗಿದರಷ್ಟೇ ಈ ಕೆಲಸಗಳಿಗೆ ಸಮಯ ಸಿಗುತ್ತದೆ. ಕೊಳೆಯ ರೋಗಾಣುಗಳು ಬಿಸಿಲಿಗೆ ಸಾಯಲಿಕ್ಕೂ ಅಷ್ಟು ಹೊತ್ತು ಬೇಕು. ಒಂದೇ ರಾತ್ರಿಯ ಮುಂಗಾರು ಮಳೆ ಎಲ್ಲವನ್ನೂ ಕೊಚ್ಚಿಕೊಂಡು ಹೋಗಬಹುದು. ಕೊಟ್ಟಿಗೆಯ ಮಾಡಿನ ನೀರನ್ನು ಅಂಗಳಕ್ಕೆ ಬೀಳಿಸದೆ ದೋಣಿ ಕಟ್ಟಿ ಬೇರೆ ಹರಿಸುವುದು ಇದಕ್ಕೆ ಅತಿ ಅಗ್ಗದ ಪರಿಹಾರ. ಆ ನೀರಿನಲ್ಲಿ ಕೊಳೆಯೇ ಇಲ್ಲದಿರುವಾಗ ಅದನ್ನು ಕೊಳೆಯೊಡನೆ ಬೆರೆಸಬೇಕೇಕೆ?

ಜೌಗಿಗೆ ಬೆಲೆಯೂ ಉಂಟು. ಕಪ್ಪು ಕೆಸರಿನಿಂದ ಮೀಥೇನ್ ಏಳುತ್ತದೆ. ಕೇರುವ ಕೆಲಸ ಅರ್ಧಕ್ಕೆ ನಿಂತರೆ ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲಶಾಲಿ. ಹಾಗೆಂದು ತೆರೆದ ಕೊಚ್ಚೆ ಹೊಂಡ ಇದಕ್ಕಿಂತ ಮೇಲೇನಲ್ಲ.

ಹಾರಿಹೋಗದ ರಂಜಕ

ಸಾರಜನಕಕ್ಕೆ ಗಾಳಿಯ ದಾರಿಯಿದೆ. ಸಗಣಿಯ ಇನ್ನೊಂದು ಸಾರವಾದ ರಂಜಕಕ್ಕೆ ಆ ದಾರಿಯಿಲ್ಲ. ಅದು ಜೌಗಿನ ಮಣ್ಣಿನಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣಕ್ಕೆ ಅಂಟಿಕೊಂಡು ಅಲ್ಲೇ ಕೂರುತ್ತದೆ. ಮಣ್ಣು ಹೊರುವಷ್ಟು ಹೊತ್ತ ಮೇಲೆ ಇನ್ನು ಹಿಡಿದಿಡಲಾರದು. ಮೊದಲ ವರ್ಷಗಳಲ್ಲಿ ತಿಳಿನೀರು ಕೊಟ್ಟ ಜೌಗು ವರ್ಷಗಳು ಕಳೆದಂತೆ ರಂಜಕವನ್ನು ಕೆಳಗೆ ಬಿಡತೊಡಗುವುದು ಇದರಿಂದಲೇ. ಕೆರೆಗಳಲ್ಲಿ ಪಾಚಿ ಕಟ್ಟಲು ಇದೇ ಮುಖ್ಯ ಮೇವು.

ಜೌಗು ಕಟ್ಟಿ ಮರೆತರೆ ಆಗದು ಎಂದು ಒತ್ತಿ ಹೇಳಬೇಕಾದದ್ದು ಇಲ್ಲಿಯೇ. ಹೆಚ್ಚಿನ ರಂಜಕ ಕೂರುವುದು ಮೊದಲ ಮಡುವಿನ ಹೂಳಿನಲ್ಲಿ. ಹತ್ತಾರು ವರ್ಷಕ್ಕೊಮ್ಮೆಯಾದರೂ ಅದನ್ನು ಬಳಿದು ತೆಗೆಯಬೇಕು. ಆ ಹೂಳು ಕಸವಲ್ಲ. ಜಗತ್ತಿನ ರಂಜಕದ ಕಲ್ಲಿನ ನಿಕ್ಷೇಪದಲ್ಲಿ ಬಹುಪಾಲು ಮೊರಾಕ್ಕೊದ ಹಿಡಿತದಲ್ಲಿದೆ, ಭಾರತ ತನಗೆ ಬೇಕಾದ್ದರಲ್ಲಿ ಹೆಚ್ಚಿನದನ್ನು ಹೊರಗಿನಿಂದ ತರಿಸುತ್ತದೆ. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಚೆಲ್ಲುತ್ತಿದ್ದ ಬಯಲುಸೀಮೆಯ ರೈತರಿಗೆ ಇಂಥ ಹೂಳನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಟ್ಟಿಯ ನೀರು ಮಾತ್ರ ಹಾದ ಜೌಗಾದರೆ ಗೋಡು ನೇರವಾಗಿ ಹೊಲಕ್ಕೆ ಹೋಗಬಹುದು. ಕಾರ್ಖಾನೆಯದೋ ಗ್ಯಾರೇಜಿನದೋ ನೀರು ಅದರಲ್ಲಿ ಬೆರೆತಿದ್ದರೆ ಸೀಸ, ಕ್ರೋಮಿಯಂನಂಥ ಲೋಹಗಳೂ ಅದೇ ಮಣ್ಣಿಗೆ ಅಂಟಿರುತ್ತವೆ. ಅಂಥ ಹೂಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕುವಂತಿಲ್ಲ. ಆದ್ದರಿಂದ ಹಟ್ಟಿಯ ಜೌಗಿಗೆ ಬೇರೆ ಯಾವ ಚರಂಡಿಯನ್ನೂ ಸೇರಿಸದಂತೆ ಮೊದಲ ದಿನದಿಂದಲೇ ನೋಡಿಕೊಳ್ಳಬೇಕು.